ನೀರು ಹೊರಹೋಗದ ಡಿಷ್‌ವಾಷರ್: ದೋಷ ಹುಡುಕುವ ಭೌತವಿಜ್ಞಾನ

ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಷ್‌ವಾಷರ್, ಈಗ ನಮ್ಮ ನಗರಗಳ ಅನೇಕ ಅಡುಗೆಮನೆಗಳನ್ನು ಸೇರಿದೆ. ಅದರ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. ತೊಳೆಯುವ ಕೆಲಸ ಮುಗಿದ ಮೇಲೆ ಬಾಗಿಲು ತೆರೆದರೆ ತಳದಲ್ಲಿ ಕೊಳೆ ನೀರು ಹಾಗೆಯೇ ನಿಂತಿರುತ್ತದೆ. 'ಪಂಪು ಹೋಗಿದೆ, ಬದಲಾಯಿಸಬೇಕು' ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಪಂಪು ಸರಿಯಾಗಿದ್ದರೂ ನೀರು ನಿಲ್ಲಲು ಹಲವು ಕಾರಣಗಳಿವೆ. ಒಂದು ಬಕೆಟ್ಟು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಪ್ರೌಢಶಾಲೆಯ ಭೌತವಿಜ್ಞಾನ ಇದ್ದರೆ ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಮೊದಲಿಗೆ ಒಂದು ಮಾತು. ಜರಡಿಯ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುವುದು ಸಹಜ. ಜರಡಿಯ ಮೇಲೆ, ತೊಟ್ಟಿಯ ತಳದ ಉದ್ದಗಲಕ್ಕೂ ನೀರು ನಿಂತಿದ್ದರೆ ಮಾತ್ರ ಅದು ದೋಷ.

ನೀರಿನ ಹಾದಿ

ಪಾತ್ರೆಗಳ ಮೇಲೆ ಚಿಮ್ಮಿದ ನೀರು ತೊಟ್ಟಿಯ ತಳಕ್ಕೆ ಇಳಿದು, ಜರಡಿಯ ಮೂಲಕ ಗುಂಡಿಯನ್ನು ಸೇರುತ್ತದೆ. ಅಲ್ಲಿಂದ ಒಂದು ಚಿಕ್ಕ ಪಂಪು ಅದನ್ನು ಹೊರಕೊಳವೆಗೆ ನೂಕುತ್ತದೆ. ಈ ಕೊಳವೆ ನೇರವಾಗಿ ನೆಲಕ್ಕೆ ಇಳಿಯುವುದಿಲ್ಲ. ಒಮ್ಮೆ ಮೇಲೇರಿ, ಬಳಿಕ ಸಿಂಕಿನ ಕೆಳಗಿನ ಪೈಪನ್ನೋ ಗೋಡೆಯ ಪೈಪನ್ನೋ ಸೇರುತ್ತದೆ. ಹೊರಹೋದ ನೀರು ಹಿಂದಿರುಗದಂತೆ ಅನೇಕ ಯಂತ್ರಗಳಲ್ಲಿ ಪಂಪಿನ ಮುಂದೆ ಒಂದು ಏಕಮುಖ ಕವಾಟವಿರುತ್ತದೆ.

ಹೀಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: ನೀರು ಹೋಗಲೇ ಇಲ್ಲವೆ, ಅಥವಾ ಹೋಗಿ ಮರಳಿ ಬಂದಿತೆ? ಎರಡರಲ್ಲೂ ಕಣ್ಣಿಗೆ ಕಾಣುವುದು ನಿಂತ ನೀರೇ. ಕಾರಣಗಳು ಮಾತ್ರ ಬೇರೆ ಬೇರೆ.

ಪಂಪು ಕೊಡುವುದು ಎತ್ತರವನ್ನು

ಈ ಪಂಪು ಕೇಂದ್ರಾಪಗಾಮಿ ಬಗೆಯದು. ಅದರ ರೆಕ್ಕೆಚಕ್ರ ನೀರನ್ನು ಸುತ್ತಿಸಿ ಅಂಚಿನತ್ತ ಎಸೆಯುತ್ತದೆ. ಅನೇಕ ಯಂತ್ರಗಳಲ್ಲಿ ಚಕ್ರವನ್ನು ತಿರುಗಿಸುವುದು ಶಾಶ್ವತ ಅಯಸ್ಕಾಂತವಿರುವ ಸಿಂಕ್ರೊನಸ್ ಮೋಟಾರು. ಎರಡು ಧ್ರುವಗಳ ಇಂಥ ಮೋಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 50 ಸುತ್ತು, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಚಕ್ರದ ತ್ರಿಜ್ಯ 2 ಸೆಂ.ಮೀ. ಎಂದುಕೊಳ್ಳಿ. ಅಂಚಿನ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಈ ವೇಗದಿಂದ ಮೇಲಕ್ಕೆ ಎಸೆದ ಕಲ್ಲು ಸುಮಾರು 2 ಮೀಟರ್ ಏರುತ್ತದೆ. ನೀರೂ ಅಷ್ಟೇ. ಕೊಳವೆ ಏರಬೇಕಾದ ಎತ್ತರ ಒಂದು ಮೀಟರಿಗಿಂತ ಕಡಿಮೆ ಇರುವುದರಿಂದ, ಉಳಿದದ್ದು ಘರ್ಷಣೆಯನ್ನು ಮೀರಲು ಸಾಕಾಗುತ್ತದೆ.

ಈ ಲೆಕ್ಕದಲ್ಲಿ ದ್ರವ್ಯರಾಶಿ ಬರಲಿಲ್ಲ ಎಂಬುದನ್ನು ಗಮನಿಸಿ. ಪಂಪಿನೊಳಗೆ ನೀರಿದ್ದರೆ 2 ಮೀಟರ್ ನೀರಿನ ಕಂಬ, ಗಾಳಿಯಿದ್ದರೆ 2 ಮೀಟರ್ ಗಾಳಿಯ ಕಂಬ! ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿ.ಗ್ರಾಂ. ಆದ್ದರಿಂದ 2 ಮೀಟರ್ ಗಾಳಿಯ ಕಂಬದ ಒತ್ತಡ ಸುಮಾರು 24 ಪಾಸ್ಕಲ್ ಮಾತ್ರ. ಇದು ಎರಡೂವರೆ ಮಿಲಿಮೀಟರ್ ನೀರನ್ನೂ ಎತ್ತಲಾರದು. ಜರಡಿ ಕಟ್ಟಿಕೊಂಡು ಗುಂಡಿಗೆ ನೀರು ನಿಧಾನವಾಗಿ ಇಳಿದರೆ ಪಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಗ ಅದು ಗೊರಗೊರ ಸದ್ದಿನೊಂದಿಗೆ ತಿರುಗುತ್ತಿದ್ದರೂ ನೀರು ಕದಲುವುದಿಲ್ಲ. ಇಲ್ಲಿ ತಪ್ಪು ಪಂಪಿನದಲ್ಲ.

ಕೊಳವೆ ಕಿರಿದಾದರೂ ಇದೇ ಗತಿ. ತುಪ್ಪ, ಕೊಬ್ಬರಿ ಎಣ್ಣೆಗಳು ಬಿಸಿನೀರಿನಲ್ಲಿ ಕರಗಿ ಹೋದರೂ ತಣ್ಣನೆಯ ಕೊಳವೆಯಲ್ಲಿ ಮತ್ತೆ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಬೆಂಗಳೂರಿನ ಚಳಿಗಾಲಕ್ಕೆ ಇಷ್ಟೇ ಸಾಕು. ಕೊಳವೆಯಲ್ಲಿ ನೀರಿನ ಹರಿವು ಪ್ರಕ್ಷುಬ್ಧವಾಗಿರುತ್ತದೆ. ಅಂಥಲ್ಲಿ ಉದ್ದಕ್ಕೂ ವ್ಯಾಸ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಸುಮಾರು ಆರನೆಯ ಒಂದಕ್ಕೆ ಇಳಿಯುತ್ತದೆ. ಪಂಪಿಗೆ ಗೊತ್ತುಪಡಿಸಿದ ಸಮಯ ಮುಗಿದರೂ ನೀರು ಉಳಿದಿರುತ್ತದೆ.

ಮರಳಿ ಬರುವ ನೀರು

ಕೊಳವೆಯ ತುದಿ ಸಿಂಕಿನ ಪೈಪಿನಲ್ಲಿ ಕಟ್ಟಿ ನಿಂತ ನೀರಿನೊಳಗೆ ಮುಳುಗಿದೆ ಎಂದುಕೊಳ್ಳಿ. ಪಂಪು ನಿಂತ ಕ್ಷಣ ಕೊಳವೆಯ ತುಂಬ ನೀರಿರುತ್ತದೆ. ಸಿಂಕಿನ ಕಡೆಯ ನೀರಿನ ಮಟ್ಟ ತೊಟ್ಟಿಯ ಮಟ್ಟಕ್ಕಿಂತ ಮೇಲಿದ್ದರೆ ಸೈಫನ್ ಏರ್ಪಟ್ಟು, ಸಿಂಕಿನ ಕೊಳೆನೀರು ತೊಳೆದ ಪಾತ್ರೆಗಳತ್ತ ಹರಿಯುತ್ತದೆ. ಕವಾಟದಲ್ಲಿ ಕಸ ಸಿಕ್ಕಿ ಅದು ಪೂರ್ತಿ ಮುಚ್ಚದಿದ್ದರೆ ತಡೆಯುವವರಿಲ್ಲ. ಇದು ಆರೋಗ್ಯದ ಪ್ರಶ್ನೆ.

ತಡೆಯುವ ಉಪಾಯ ಸರಳ. ಕೊಳವೆಯನ್ನು ಸಿಂಕಿನ ಅಡಿಯಲ್ಲಿ ಸಾಧ್ಯವಾದಷ್ಟು ಮೇಲಕ್ಕೆ ಬಳಸಿ ಕಟ್ಟಬೇಕು. ತುದಿ ನೀರಿನಲ್ಲಿ ಮುಳುಗದಂತಿರಬೇಕು. ಗಾಳಿ ಒಳಹೊಕ್ಕರೆ ಸೈಫನ್ ಮುರಿಯುತ್ತದೆ. ಕೆಲವರು ಕೊಳವೆಯನ್ನು ನೆಲದ ಮೇಲೆಯೇ ಹಾಯಿಸಿ ಬಚ್ಚಲ ಜಾಲರಿಗೆ ಬಿಡುತ್ತಾರೆ. ಕೊಳವೆ ಎಲ್ಲೂ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೇರದಿದ್ದರೆ ತೊಳೆಯುತ್ತಿರುವಾಗಲೇ ನೀರು ಸೋರಿಹೋಗಬಹುದು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಮತ್ತು ಗರಿಷ್ಠ ಎತ್ತರಗಳನ್ನು ಪಾಲಿಸಿ.

ಪತ್ತೆಹಚ್ಚುವ ಕ್ರಮ

1. ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ನಲ್ಲಿ ಮುಚ್ಚಿ. ನೀರು ತಣ್ಣಗಾದ ಮೇಲೆ ಲೋಟದಿಂದ ಮೊಗೆದು ತೆಗೆಯಿರಿ. ಗಾಜಿನ ಚೂರು ಇರಬಹುದು, ಕೈಗವಸು ಧರಿಸಿ.

2. ಜರಡಿಯನ್ನು ತಿರುಗಿಸಿ ಹೊರತೆಗೆದು ಬಿಸಿನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ. ಸಾಸಿವೆ, ಕರಿಬೇವು, ತೆಂಗಿನ ನಾರು ಸೇರಿಕೊಳ್ಳುವುದು ಇಲ್ಲೇ. ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ.

3. ಇನ್ನು ಬಕೆಟ್ಟಿನ ಪ್ರಯೋಗ. ಕೊಳವೆಯ ತುದಿಯನ್ನು ಸಿಂಕಿನ ಪೈಪಿನಿಂದ ಬಿಡಿಸಿ ಬಕೆಟ್ಟಿಗೆ ಹಿಡಿಯಿರಿ. ಜರಡಿಯನ್ನು ಮರಳಿ ಕೂರಿಸಿ, ತೊಟ್ಟಿಗೆ ಎರಡು ಮೂರು ಲೀಟರ್ ನೀರು ಸುರಿದು, ಪ್ಲಗ್ಗನ್ನು ಒಣಗಿದ ಕೈಯಿಂದ ಹಾಕಿ, ನೀರು ಹೊರಹಾಕುವ ಕ್ರಮವನ್ನು ಚಾಲೂ ಮಾಡಿ. ತುದಿ ಮೊದಲಿದ್ದ ಎತ್ತರದಲ್ಲೇ ಇರಬೇಕು. ಕೆಳಗಿಳಿಸಿದರೆ ಪಂಪಿನ ಕೆಲಸದಲ್ಲಿ ಸೈಫನ್ ಪಾಲುಗೊಂಡು ಫಲಿತಾಂಶ ದಾರಿ ತಪ್ಪಿಸುತ್ತದೆ. ನೀರು ರಭಸವಾಗಿ ಬಂದರೆ ಯಂತ್ರ ನಿರ್ದೋಷಿ. ಸಿಂಕಿನ ಪೈಪನ್ನು ಶುಚಿಗೊಳಿಸಿ. ಬಾರದಿದ್ದರೆ ದೋಷ ಯಂತ್ರದಲ್ಲೋ ಕೊಳವೆಯಲ್ಲೋ ಇದೆ.

4. ಮತ್ತೆ ಪ್ಲಗ್ಗನ್ನು ಕಿತ್ತು, ಗುಂಡಿಯಲ್ಲಿರುವ ಪಂಪಿನ ಮುಚ್ಚಳವನ್ನು ಕೈಪಿಡಿಯಂತೆ ತೆಗೆಯಿರಿ. ರೆಕ್ಕೆಚಕ್ರಕ್ಕೆ ಗಾಜಿನ ಚೂರು, ದಾರ, ಬೀಜ ಸಿಕ್ಕಿರಬಹುದು. ಚಮಚದ ಹಿಡಿಯಿಂದ ತಿರುಗಿಸಿ. ಅದು ತಡೆತಡೆದು ತಿರುಗಿದರೆ ಹೆದರಬೇಡಿ. ಅಯಸ್ಕಾಂತವು ಮೋಟಾರಿನ ಕಬ್ಬಿಣದ ಧ್ರುವಗಳತ್ತ ಸೆಳೆಯಲ್ಪಡುವುದೇ ಕಾರಣ. ಸ್ವಲ್ಪವೂ ತಿರುಗದಿದ್ದರೆ ಮಾತ್ರ ಅಡಚಣೆಯಿದೆ.

5. ಎಲ್ಲ ಶುಚಿಯಾಗಿದ್ದೂ ಪಂಪು ನಿಶ್ಶಬ್ದವಾಗಿದ್ದರೆ ದೋಷ ವಿದ್ಯುತ್ತಿನದು. ಸುರುಳಿ ಕಡಿದಿರಬಹುದು, ನಿಯಂತ್ರಣ ಫಲಕ ಕೆಟ್ಟಿರಬಹುದು. ಇಲ್ಲಿಂದ ಮುಂದಿನ ಕೆಲಸವನ್ನು ತಂತ್ರಜ್ಞರಿಗೇ ಬಿಡಿ. ನೀರೂ ವಿದ್ಯುತ್ತೂ ಕೂಡಿದ ಯಂತ್ರದ ಹೊದಿಕೆಯನ್ನು ಬಿಚ್ಚುವ ಸಾಹಸ ಬೇಡ.

ಪೈಪು ಶುಚಿಗೊಳಿಸುವ ಕ್ಷಾರದ ಪುಡಿಯನ್ನಾಗಲಿ ಆಮ್ಲವನ್ನಾಗಲಿ ತೊಟ್ಟಿಗೆ ಸುರಿಯಬಾರದು. ರಬ್ಬರಿನ ಬಿಗಿಗಳು ಹಾಳಾಗುತ್ತವೆ. ಉಳಿದದ್ದು ಪಾತ್ರೆಗೂ ತಗಲುತ್ತದೆ. ತಟ್ಟೆಯಲ್ಲಿ ಉಳಿದ ಅನ್ನ, ಜಿಡ್ಡನ್ನು ಮೊದಲೇ ಬಳಿದು ತೆಗೆದು, ಜರಡಿಯನ್ನು ವಾರಕ್ಕೊಮ್ಮೆ ತೊಳೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ತರಗತಿಯಲ್ಲಿ

ಅಧ್ಯಾಪಕರು ಎರಡು ಬಾಟಲಿ ಮತ್ತು ಒಂದು ಪಾರದರ್ಶಕ ಕೊಳವೆಯಿಂದ ಹಿಮ್ಮುಖ ಹರಿವನ್ನು ತೋರಿಸಬಹುದು. ಮೇಲಿನ ಬಾಟಲಿ ಸಿಂಕು, ಕೆಳಗಿನದು ತೊಟ್ಟಿ. ನೀರು ಹರಿಯುತ್ತಿರುವಾಗ ಮೇಲಿನ ತುದಿಯನ್ನು ನೀರಿನಿಂದ ಹೊರಗೆತ್ತಿ, ಹರಿವು ನಿಲ್ಲುತ್ತದೆ. ಆಮೇಲೆ ವಿದ್ಯಾರ್ಥಿಗಳನ್ನು ಕೇಳಿ: ಬಕೆಟ್ಟಿನ ಪ್ರಯೋಗದಲ್ಲಿ ತುದಿಯ ಎತ್ತರವನ್ನು ಬದಲಿಸಬಾರದೇಕೆ? ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ ನೋಡಬೇಕೆಂಬ ನಿಯಮ ಪ್ರಯೋಗಾಲಯಕ್ಕೆ ಎಷ್ಟು ಅನ್ವಯಿಸುತ್ತದೋ ಅಡುಗೆಮನೆಗೂ ಅಷ್ಟೇ ಅನ್ವಯಿಸುತ್ತದೆ. ಅದನ್ನು ಪಾಲಿಸಿದರೆ, ಸರಿಯಿರುವ ಪಂಪಿಗೆ ಹಣ ತೆರುವುದು ತಪ್ಪುತ್ತದೆ.