ಬಿಎಸ್ಸಿ ಆಯಿತು, ಎಂಎಸ್ಸಿ ಬೇಕೇ?

ಬಿಎಸ್ಸಿ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ವಾರದಲ್ಲಿ ವಿಜ್ಞಾನ ಮೇಷ್ಟ್ರ ಮನೆಗೆ ಬರುವವರು ಹೆಚ್ಚುತ್ತಾರೆ. ಅಪ್ಪ, ಅಮ್ಮ, ಹಿಂದೆ ತಲೆ ತಗ್ಗಿಸಿ ನಿಂತ ಮಗ ಅಥವಾ ಮಗಳು. ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಎಂಎಸ್ಸಿಗೆ ಸ್ಕೋಪ್ ಇದೆ ಸಾರ್?’ ಅದಕ್ಕೂ ಮೊದಲು ಕೇಳಬೇಕಾದ ‘ಎಂಎಸ್ಸಿ ಬೇಕೇ?’ ಎಂಬ ಪ್ರಶ್ನೆಯನ್ನು ಕೇಳುವವರು ಅಪರೂಪ. ಕೆಲಸ ಸಿಗಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವುದೇಕೆ, ಇನ್ನೆರಡು ವರ್ಷ ಓದಲಿ ಎಂದು ಸೇರಿಸುವವರೇ ಹೆಚ್ಚು.

ಕೆಎಎಸ್, ಐಎಎಸ್, ಪ್ರಥಮ ದರ್ಜೆ ಸಹಾಯಕ, ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ – ಇವುಗಳ ಪರೀಕ್ಷೆ ಬರೆಯಲು ಪದವಿಯಷ್ಟೇ ಸಾಕು. ಆ ಕಡೆಗೇ ಮನಸ್ಸಿರುವ ಹುಡುಗ ಎಂಎಸ್ಸಿಗೆ ಸೇರಿದರೆ ಹಗಲು ಲ್ಯಾಬಿನಲ್ಲಿ, ರಾತ್ರಿ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಕಾಲ ಕಳೆದು ಎರಡೂ ಕಡೆ ಅರೆಬರೆಯಾಗುತ್ತಾನೆ. ಹೈಸ್ಕೂಲಿನ ವಿಜ್ಞಾನ ಶಿಕ್ಷಕನಾಗಲು ಬಿಎಸ್ಸಿಯ ಜೊತೆಗೆ ಬಿಎಡ್ ಸಾಕು. ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ಸಂಸಾರ ನಡೆದಿರುವುದು ಅದೇ ಎರಡು ಪದವಿಗಳಿಂದ.

ಪಿಯು ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಮಾತು ಬೇರೆ. ಅಲ್ಲಿ ಎಂಎಸ್ಸಿ ಬೇಕೇ ಬೇಕು. ಸರ್ಕಾರಿ ನೇಮಕಾತಿಯಲ್ಲಿ ಬಿಎಡ್ ಕೂಡ ಕೇಳುತ್ತಾರೆ. ನಮ್ಮ ಕಾಲದಲ್ಲಿ ಒಂದು ವರ್ಷಕ್ಕೆ ಮುಗಿಯುತ್ತಿದ್ದ ಬಿಎಡ್ 2015ರಿಂದ ಎರಡು ವರ್ಷದ್ದಾಗಿದೆ. ಅಂದರೆ ಇಪ್ಪತ್ತೊಂದಕ್ಕೆ ಬಿಎಸ್ಸಿ ಮುಗಿಸಿದವನು ಅರ್ಜಿ ಹಾಕುವ ಅರ್ಹತೆ ಪಡೆಯುವಾಗ ಇಪ್ಪತ್ತೈದಾಗಿರುತ್ತದೆ. ಅಷ್ಟು ದಿನ ಸಾಕುವ ಶಕ್ತಿ ಮನೆಗೆ ಇದೆಯೇ? ಇಲ್ಲದಿದ್ದರೆ ಮೊದಲು ಬಿಎಡ್ ಮಾಡಿ, ಒಂದು ಶಾಲೆ ಹಿಡಿದು, ಕೈಗೆ ನಾಲ್ಕು ಕಾಸು ಬಂದ ಮೇಲೆ ಎಂಎಸ್ಸಿ ಮಾಡುವುದು ಅವಮಾನವೇನಲ್ಲ. ಹಾಗೆ ಮಾಡಿ ಉಪನ್ಯಾಸಕರಾದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂಎಸ್ಸಿಯಲ್ಲಿ ಶೇ 55 ಅಂಕ ಬೇಕು (ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಹಾಗೂ ಅಂಗವಿಕಲರಿಗೆ ಶೇ 5ರ ರಿಯಾಯಿತಿ). ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಈ ಐವತ್ತೈದನ್ನು ಹಗುರವಾಗಿ ಕಾಣಬಾರದು. ಪ್ರತಿಷ್ಠೆಗೆಂದು ಒಗ್ಗದ ವಿಷಯ ಆರಿಸಿಕೊಂಡು ಐವತ್ತಮೂರಕ್ಕೆ ನಿಂತರೆ, ಸಾಮಾನ್ಯ ವರ್ಗದ ಅಭ್ಯರ್ಥಿಗೆ ಆ ಬಾಗಿಲು ಮುಚ್ಚಿದಂತೆಯೇ.

ಸಂಶೋಧನೆಯ ಹುಚ್ಚಿರುವ ಮಕ್ಕಳನ್ನು ಮಾತ್ರ ತಡೆಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಎಸ್ಸಿ ಆದವರು ನೇರವಾಗಿ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ; ವಿದ್ಯಾರ್ಥಿವೇತನವೂ ಉಂಟು. ಅಲ್ಲಿಗೂ ಐಐಟಿಗಳ ಎಂಎಸ್ಸಿಗೂ ದಾರಿ ‘ಜಾಮ್’ ಎಂಬ ಪ್ರವೇಶ ಪರೀಕ್ಷೆ. ಮುಂದೆ ಜೆಆರ್‌ಎಫ್ ಗಿಟ್ಟಿಸಿಕೊಂಡರೆ, 2023ರಲ್ಲಿ ಪರಿಷ್ಕೃತವಾದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ‘ಇನ್ನೂ ಎಷ್ಟು ವರ್ಷ ಓದಿಸಬೇಕು?’ ಎಂದು ಗೊಣಗುವ ತಂದೆಯರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಇನ್ನು ವಿಷಯದ ಆಯ್ಕೆ. ಪಿಸಿಎಂ ಓದಿದವರ ಮುಂದೆ ಮೂರು ದಾರಿಗಳಿವೆ, ಅದರಲ್ಲೇ ಗೊಂದಲ. ಅಂಕಪಟ್ಟಿ ನೋಡಿ ತೀರ್ಮಾನಿಸುವುದು ವಾಡಿಕೆ. ನಾನು ಬೇರೊಂದು ಪ್ರಶ್ನೆ ಕೇಳುತ್ತೇನೆ: ಪರೀಕ್ಷೆ ಇಲ್ಲದ ದಿನವೂ ನೀನು ತೆರೆಯುವ ಪುಸ್ತಕ ಯಾವುದು? ಮೂರು ಗಂಟೆ ನಿಂತು ಟೈಟ್ರೇಷನ್ ಮಾಡುವುದು ಬೇಸರವೆನಿಸುವವರು, ಎಷ್ಟೇ ಅಂಕ ಬಂದಿರಲಿ, ರಸಾಯನಶಾಸ್ತ್ರಕ್ಕೆ ಹೋಗಬಾರದು. ಔಷಧ ಕಾರ್ಖಾನೆಗಳಲ್ಲಿ ಕೆಲಸ ಇದೆ, ನಿಜ. ಆದರೆ ಅಲ್ಲಿ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಪಾಳಿಯ ಮೇಲೆ ದುಡಿಯಬೇಕು. ಗುಣಮಟ್ಟ ಪರೀಕ್ಷಿಸುವ ವಿಭಾಗಕ್ಕೆ ಬಿಎಸ್ಸಿಯವರನ್ನೂ ತೆಗೆದುಕೊಳ್ಳುತ್ತಾರೆ. ಹೊಸ ಸಂಯುಕ್ತಗಳನ್ನು ತಯಾರಿಸುವ ಸಂಶೋಧನಾ ವಿಭಾಗಕ್ಕೆ ಬೇಕಾಗುವುದು ಎಂಎಸ್ಸಿ, ಅದರಲ್ಲೂ ಸಾವಯವ ರಸಾಯನಶಾಸ್ತ್ರ. ಗಣಿತಕ್ಕೆ ಕಾಗದ, ಪೆನ್ನು, ತಾಳ್ಮೆ ಸಾಕು. ಆದರೆ ಬಿಎಸ್ಸಿಯಲ್ಲಿ ಲೆಕ್ಕಗಳನ್ನು ಬಾಯಿಪಾಠ ಮಾಡಿ ನೂರಕ್ಕೆ ನೂರು ತೆಗೆದವರು ಎಂಎಸ್ಸಿಯ ಬೀಜಗಣಿತದಲ್ಲಿ ತಡವರಿಸುತ್ತಾರೆ. ಸಂಖ್ಯಾಶಾಸ್ತ್ರ ಓದಿದವರು ಅದನ್ನು ಬಿಟ್ಟು ಗಣಿತಕ್ಕೆ ಹೋಗುವುದೇಕೋ ನನಗೆ ಅರ್ಥವಾಗಿಲ್ಲ.

ಜೀವವಿಜ್ಞಾನದವರು ಇನ್ನೊಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಜೈವಿಕ ತಂತ್ರಜ್ಞಾನ, ಸೂಕ್ಷ್ಮಾಣು ಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ತಳಿಶಾಸ್ತ್ರ – ಹೆಸರುಗಳು ಆಕರ್ಷಕ, ವಿಷಯಗಳೂ ಒಳ್ಳೆಯವೇ. ಆದರೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ನೋಡುವುದು ಪದವಿ ಪ್ರಮಾಣಪತ್ರದ ಮೇಲಿನ ಹೆಸರನ್ನು. ಪಾಠ ಹೇಳುವ ಕೆಲಸವೇ ಗುರಿಯಾದರೆ, ಆ ಹುದ್ದೆಯ ಹಿಂದಿನ ಅಧಿಸೂಚನೆಯನ್ನು ತೆಗೆದು, ಯಾವ ಹೆಸರಿನ ಎಂಎಸ್ಸಿಯನ್ನು ಒಪ್ಪುತ್ತಾರೆ ಎಂದು ಓದಿದ ನಂತರವೇ ಶುಲ್ಕ ಕಟ್ಟಿ. ಹಳೆಯದೆಂದು ಮೂಗು ಮುರಿಯುವ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳೇ ಅಲ್ಲಿ ಕೈಹಿಡಿಯುವುದುಂಟು.

ವಿಶ್ವವಿದ್ಯಾಲಯದ ಹೆಸರಿಗಿಂತ ವಿಭಾಗವನ್ನು ನೋಡಿ. ಒಂದು ದಿನ ರಜೆ ಹಾಕಿ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ? ಬಟ್ಟೆ ಹೊದಿಸಿಟ್ಟ ಉಪಕರಣ ನಿಜವಾಗಿ ಕೆಲಸ ಮಾಡುತ್ತದೆಯೇ? ಗ್ರಂಥಾಲಯ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಪ್ರಾಜೆಕ್ಟ್ ಕೆಲಸವನ್ನು ವಿದ್ಯಾರ್ಥಿಗಳೇ ಮಾಡುತ್ತಾರೋ, ಝೆರಾಕ್ಸ್ ಅಂಗಡಿಯವನು ಮಾಡಿಕೊಡುತ್ತಾನೋ? ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಎಲ್ಲವೂ ಹೊರಬೀಳುತ್ತದೆ.

ಹೆಣ್ಣುಮಕ್ಕಳ ತಂದೆತಾಯಂದಿರು ಈಗಲೂ ಆಡುವ ಮಾತೊಂದಿದೆ: ‘ಎಂಎಸ್ಸಿ ಮಾಡಿಸಿದರೆ ಅಷ್ಟೇ ಓದಿದ ಗಂಡು ಹುಡುಕಬೇಕಲ್ಲ ಸಾರ್.’ ಊರಿನಿಂದ ಬಸ್ಸಿನಲ್ಲಿ ಓಡಾಡಲು ಸಾಧ್ಯವಾದ ಕಡೆ ಇರುವ ಕೋರ್ಸಿಗೇ ಮಗಳನ್ನು ಸೇರಿಸುವುದೂ ಇದೇ ಲೆಕ್ಕಾಚಾರದಲ್ಲಿ. ಭೌತಶಾಸ್ತ್ರ ಬೇಕೆಂದು ಅತ್ತವಳು ಹತ್ತಿರದ ಊರಿನಲ್ಲಿ ಸಿಕ್ಕ ಬೇರೆ ಯಾವುದೋ ವಿಷಯ ಓದಿ ಮುಗಿಸಿದ್ದನ್ನು ಕಂಡಿದ್ದೇನೆ. ಮಗನಿಗೆ ಧಾರವಾಡವೋ ಮೈಸೂರೋ ದೂರವಲ್ಲವೆಂದಾದರೆ, ಹಾಸ್ಟೆಲ್ ಇರುವ ಕಡೆ ಮಗಳಿಗೂ ಅದು ದೂರವಲ್ಲ.

ಇದನ್ನೆಲ್ಲ ಯೋಚಿಸಬೇಕಾದದ್ದು ಫಲಿತಾಂಶ ಬಂದ ಮೇಲಲ್ಲ, ಐದನೇ ಸೆಮಿಸ್ಟರಿನಲ್ಲಿ. ಜಾಮ್ ನಡೆಯುವುದು ಫೆಬ್ರುವರಿಯಲ್ಲಿ. ಅರ್ಜಿ ಹಾಕುವ ಅವಧಿ ಅದರ ಹಿಂದಿನ ವರ್ಷವೇ ಮುಗಿದಿರುತ್ತದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥವು ಬಳಸುವ ಸಿಯುಇಟಿ ಪರೀಕ್ಷೆ 2024 ಮತ್ತು 2025ರಲ್ಲಿ ಮಾರ್ಚಿಯಲ್ಲೇ ನಡೆಯಿತು. ಅಂಕಪಟ್ಟಿ ಹಿಡಿದು ಬರುವ ಹೊತ್ತಿಗೆ ಉಳಿದಿರುವುದು ರಾಜ್ಯದ ವಿಶ್ವವಿದ್ಯಾಲಯಗಳ ಕೌನ್ಸೆಲಿಂಗ್ ಮಾತ್ರ.