ಗಾಯಾಳು ಮೇಜರರನ್ನು ಹೊತ್ತ ಜವಾನನ ಮಾತು

ನವೆಂಬರ್ 18ನೇ ತಾರೀಕಿಗೆ ಶಾಲೆಯ ಕ್ಯಾಲೆಂಡರಿನಲ್ಲಿ ಯಾವ ವಿಶೇಷವೂ ಇಲ್ಲ. 1962ರ ಚೀನಾ ಯುದ್ಧವನ್ನು ಸಮಾಜ ಪಾಠದಲ್ಲಿ ನಾವು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಸೋತ ಯುದ್ಧವಾದ್ದರಿಂದ ಹೆಚ್ಚು ಹೇಳಲು ನಮಗೂ ಉತ್ಸಾಹವಿಲ್ಲ. ಆದರೆ ಆ ಸೋಲಿನ ನಡುವೆ ಮಕ್ಕಳಿಗೆ ಹೇಳಲೇಬೇಕಾದ ಒಂದು ದಿನವಿದೆ. ಅದು ಲಡಾಖಿನ ರೆಜಾಂಗ್ ಲಾ ಕಾಳಗದ ದಿನ.

'ಲಾ' ಎಂದರೆ ಅಲ್ಲಿಯವರ ಮಾತಿನಲ್ಲಿ ಕಣಿವೆದಾರಿ. ಸಮುದ್ರಮಟ್ಟದಿಂದ ಸುಮಾರು 16,000 ಅಡಿ ಎತ್ತರದ ಈ ದಾರಿ ಚುಶೂಲ್ ವಿಮಾನನೆಲೆಗೆ ಕಾವಲಿನಂತಿತ್ತು. ಅದನ್ನು ಕಾಯುತ್ತಿದ್ದದ್ದು 13ನೇ ಕುಮಾವೂನ್ ಪಲ್ಟನಿನ 'ಚಾರ್ಲಿ' ಕಂಪೆನಿಯ ಸುಮಾರು 120 ಮಂದಿ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರದೂ ಇದೇ ಕುಮಾವೂನ್ ರೆಜಿಮೆಂಟ್ ಎಂಬುದನ್ನು ವಾಚಕರು ನೆನೆಯಬಹುದು. ಜವಾನರೆಲ್ಲ ಈಗಿನ ಹರಿಯಾಣದ ಬಯಲುಸೀಮೆಯ ಅಹೀರ ರೈತರ ಮಕ್ಕಳು. ಹಿಮವನ್ನು ಕಂಡು ಬೆಳೆದವರಲ್ಲ. ಕೈಯಲ್ಲಿ ಹಳೆಯ .303 ಬಂದೂಕು, ಮೈಮೇಲೆ ಆ ಚಳಿಗೆ ಸಾಲದ ಬಟ್ಟೆ. ನಡುವೆ ಬೆಟ್ಟ ಅಡ್ಡ ಬಂದುದರಿಂದ ನಮ್ಮ ತೋಪುಗಳ ನೆರವೂ ಅವರಿಗೆ ಸಿಗುವಂತಿರಲಿಲ್ಲ. ಕಂಪೆನಿಯ ನಾಯಕರು ಜೋಧಪುರದ ಕಡೆಯ ಮೇಜರ್ ಶೈತಾನ್ ಸಿಂಗ್.

ಬೆಳಗಿನ ಜಾವಕ್ಕೆ ಮೊದಲ ದಾಳಿ ಬಂತು. ನಮ್ಮವರು ಹಿಮ್ಮೆಟ್ಟಿಸಿದರು. ಮತ್ತೆ ಬಂದರು, ಮತ್ತೆ ತಡೆದರು. ಕೊನೆಗೆ ಶತ್ರುಗಳು ಬಳಸಿಕೊಂಡು ಬಂದು ಹಿಂದಿನಿಂದಲೂ ಎರಗಿದರು. ಮೇಜರರು ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡಾಡುತ್ತ ತಮ್ಮವರಿಗೆ ಧೈರ್ಯ ತುಂಬುತ್ತಿದ್ದರು. ಹಾಗೆ ಓಡಾಡುವಾಗಲೇ ಮೊದಲು ತೋಳಿಗೆ, ಬಳಿಕ ಹೊಟ್ಟೆಗೆ ಗುಂಡು ತಗಲಿತು.

ಆಗ ಅವರ ಬಳಿಯಲ್ಲಿದ್ದವರು ರಾಮಚಂದರ್ ಯಾದವ್ ಎಂಬ ಜವಾನರು. ಬದುಕಿ ಹಿಂದಿರುಗಿದ ಬೆರಳೆಣಿಕೆಯ ಮಂದಿಯಲ್ಲಿ ಅವರೂ ಒಬ್ಬರು. ಅನೇಕ ವರ್ಷಗಳ ಬಳಿಕ ಪತ್ರಕರ್ತರಿಗೆ ಅವರು ಆ ದಿನವನ್ನು ವಿವರಿಸಿದ್ದರು. ತನ್ನನ್ನು ಬಿಟ್ಟು ಹೋಗಿ ಎಂದು ಮೇಜರರು ಆಜ್ಞೆ ಮಾಡಿದರಂತೆ. ಹೊತ್ತುಕೊಂಡು ಹೋಗುವವರ ಮೇಲೆ ಗುಂಡಿನ ಮಳೆ ಸುರಿಯುತ್ತಿತ್ತು. ತಾನೊಬ್ಬ ಉಳಿಯಲೆಂದು ಇತರರು ಸಾಯುವುದು ಅವರಿಗೆ ಬೇಡವಾಗಿತ್ತು. ಆದರೂ ಯಾದವರು ಅವರನ್ನು ತನ್ನ ಮೈಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಸಾಗಿದರು. ಒಂದು ಬಂಡೆಯ ಮರೆಯಲ್ಲಿ ಮೇಜರರ ಪ್ರಾಣ ಹೋಯಿತು. ಶತ್ರುಗಳ ಕೈಗೆ ಸಿಗದಿರಲೆಂದು ದೇಹವನ್ನು ಅಲ್ಲೇ ಹಿಮದಲ್ಲಿ ಮರೆಮಾಡಿ ಯಾದವರು ಕೆಳಗಿಳಿದರು.

ಈ ಕತೆಯ ನಿಜವಾದ ಕಷ್ಟ ಇರುವುದು ಇದರ ಮುಂದೆ. ಒಂದು ಕಂಪೆನಿ ಕಡೆಯ ಗುಂಡಿನವರೆಗೂ ಕಾದಾಡಿತೆಂಬ ಮಾತನ್ನು ಹಲವರು ನಂಬಲಿಲ್ಲ. ಎಲ್ಲೆಡೆ ಹಿಮ್ಮೆಟ್ಟಿದ ಸುದ್ದಿಯೇ ಬರುತ್ತಿದ್ದ ದಿನಗಳವು. ನವೆಂಬರ್ 21ರಂದು ಚೀನಾ ತಾನಾಗಿ ಕದನವಿರಾಮ ಸಾರಿತು. ಬದುಕಿ ಬಂದವರ ಮಾತಿಗೆ ಸಾಕ್ಷಿ ಇರಲಿಲ್ಲ. ಇದ್ದ ಸಾಕ್ಷಿಯೆಲ್ಲ ಹಿಮದಡಿಯಲ್ಲಿ ಮಲಗಿತ್ತು.

ಮೂರು ತಿಂಗಳ ಬಳಿಕ, 1963ರ ಫೆಬ್ರವರಿಯಲ್ಲಿ, ಆ ಕಡೆ ಹೋದ ಕುರಿಗಾಹಿಯೊಬ್ಬ ತಂದ ಸುದ್ದಿಯಿಂದ ಶೋಧಕ ತಂಡ ಮೇಲೇರಿತು. ಜವಾನರು ತಂತಮ್ಮ ಕಂದಕಗಳಲ್ಲಿ ಕೈಯಲ್ಲಿ ಆಯುಧ ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಗಾಯಾಳುಗಳ ಶುಶ್ರೂಷೆಗಿದ್ದ ಧರಮ್‌ಪಾಲ್ ದಹಿಯಾ ಎಂಬಾತನ ಕೈಯಲ್ಲಿ ಸೂಜಿಮದ್ದಿನ ಸಿರಿಂಜೂ ಬ್ಯಾಂಡೇಜೂ ಹಾಗೆಯೇ ಇದ್ದವು. ಬಂಡೆಯ ಬಳಿ ಮೇಜರರ ದೇಹವೂ ಸಿಕ್ಕಿತು. ಜೋಧಪುರದಲ್ಲಿ ಸೇನಾ ಗೌರವದೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ಮರಣೋತ್ತರ ಪರಮವೀರ ಚಕ್ರ ಸಂದಿತು. 120ರಲ್ಲಿ ನೂರಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಚುಶೂಲಿನಲ್ಲಿ ಅವರ ಸ್ಮಾರಕವಿದೆ. ನವೀಕರಿಸಿದ ಸ್ಮಾರಕ 2021ರ ನವೆಂಬರ್ 18ರಂದು ಉದ್ಘಾಟನೆಯಾಯಿತು.

ಪದಕ, ಸ್ಮಾರಕಗಳೆಲ್ಲ ಸರಿಯೇ. ಆದರೆ ಆ ಮೂರು ತಿಂಗಳುಗಳನ್ನು ನಾವು ಯೋಚಿಸಬೇಕು. ಒಡನಾಡಿಯನ್ನು ಹೆಗಲಲ್ಲಿ ಹೊತ್ತವನಿಗೆ ಆ ಭಾರ ಒಂದು ದಿನದ್ದು. ಹೇಳಿದರೂ ನಂಬುವವರಿಲ್ಲವೆಂಬ ಭಾರ ಅದಕ್ಕಿಂತ ದೊಡ್ಡದು. ಸಂಖ್ಯೆಯಲ್ಲಿ ಸಣ್ಣವರಾದ ನಮಗೆ, ದಾಖಲೆಯಿಲ್ಲದ ಮಾತಿಗೆ ಬೆಲೆ ಬರುವುದು ಎಷ್ಟು ಕಷ್ಟವೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿಯೂ ಸೇನೆಯಿಂದ ನಿವೃತ್ತರಾಗಿ ಬಂದ ಹಿರಿಯರಿದ್ದಾರೆ. ಕೆಲವರು ಕೇಳಿದರೂ ಹೇಳುವುದಿಲ್ಲ. ಕೆಲವರು ಕೇಳುವವರಿಲ್ಲದೆ ಸುಮ್ಮನಾಗಿದ್ದಾರೆ. ಮಕ್ಕಳನ್ನು ಒಂದು ಸಂಜೆ ಅವರ ಜಗಲಿಗೆ ಕಳುಹಿಸಿರಿ. 'ಅಜ್ಜ, ನಿಮ್ಮ ಜೊತೆಗಿದ್ದವರು ಯಾರು?' ಎಂದು ಕೇಳಲಿ. ಶತ್ರುಗಳೆಷ್ಟು ಸತ್ತರೆಂದು ಕೇಳುವುದು ಬೇಡ. ಹೇಳಿದ್ದನ್ನು ನೋಟುಪುಸ್ತಕದಲ್ಲಿ ಕನ್ನಡದಲ್ಲೇ, ತಾರೀಕು ಹಾಕಿ ಬರೆದಿಡಲಿ. ರೆಜಾಂಗ್ ಲಾದ ಮಾತನ್ನು ಹಿಮ ಕಾಪಾಡಿಕೊಟ್ಟಿತು. ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ. ನಾವೇ ಬರೆದಿಡಬೇಕು.