ಕೋವಿ ಒಂದು, ನಳಿಗೆ ಎರಡು: ಆಯ್ಕೆ ಹೇಗೆ?

ಹೋದ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜರ್ಮನಿಯಿಂದ ಊರಿಗೆ ಬಂದಿದ್ದ. ಸಣ್ಣವನಿರುವಾಗ ಮದ್ರಸದಲ್ಲಿ ನನ್ನ ಹತ್ತಿರ ಕಲಿತವನು, ಈಗ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ಮಾತಿನ ನಡುವೆ ಹೇಳಿದ, "ಉಸ್ತಾದರೇ, ನನ್ನ ಕೋವಿಗೆ ಬೇರೆ ನಳಿಗೆ ತಗೊಳ್ಬೇಕು. ಯಾವುದು ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೇನೆ."

ನನಗೆ ಅರ್ಥವಾಗಲಿಲ್ಲ. ನಾವು ಕಂಡ ಕೋವಿಗಳೆಂದರೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿಟ್ಟ ಒಂಟಿ ನಳಿಗೆ, ಜೋಡು ನಳಿಗೆಯ ಕೋವಿಗಳು. ಅದರಲ್ಲಿ ನಳಿಗೆ ಹಾಳಾದರೆ ಕೋವಿಯೇ ಹೋಯಿತು ಎಂದು ಲೆಕ್ಕ. ಅಂಗಿ ಬದಲಿಸಿದ ಹಾಗೆ ನಳಿಗೆ ಬದಲಿಸುವುದುಂಟೇ?

"ಉಂಟು" ಎಂದ. ಆಮೇಲೆ ಕಾರಣವನ್ನೂ ಹೇಳಿದ. ಹಿಂದಿನ ಚಳಿಗಾಲದಲ್ಲಿ ಅವನು ಹೊಡೆದ ಗುಂಡು ಒಂದು ಕಾಡುಹಂದಿಗೆ ತಾಗಿತ್ತು, ಆದರೆ ತಾಗಬೇಕಾದ ಜಾಗಕ್ಕಲ್ಲ. ಗಾಯಗೊಂಡ ಪ್ರಾಣಿ ಕಾಡಿನೊಳಗೆ ಓಡಿತು. ಜಾಡು ಹಿಡಿಯುವ ನಾಯಿಯನ್ನು ಕರೆಸಿ ಹುಡುಕಿದರು. ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಅದೂ ಜೀವ ಇರುವಾಗಲೇ. "ಆ ರಾತ್ರಿಯಿಡೀ ಅದು ನರಳಿತಲ್ಲ ಉಸ್ತಾದರೇ, ಅದಕ್ಕೆ ನಾನೇ ಕಾರಣ" ಎಂದ. ಕೋವಿ ಕೆಟ್ಟಿರಲಿಲ್ಲ, ಗುಂಡೂ ಕೆಟ್ಟಿರಲಿಲ್ಲ. ಅವನು ಆರಿಸಿದ ನಳಿಗೆ ಅವನ ಕೆಲಸಕ್ಕೂ ಅವನ ಭುಜಕ್ಕೂ ಹೊಂದುತ್ತಿರಲಿಲ್ಲ.

ಅವನಿಂದ ಕೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಹೊರದೇಶಗಳಲ್ಲಿ ನಮ್ಮ ಮಕ್ಕಳು ಎಂತೆಂಥ ಕೆಲಸ, ಹವ್ಯಾಸಗಳಿಗೆ ಕೈ ಹಾಕಿದ್ದಾರೆ ಎಂಬುದು ಮನೆಯವರಿಗೂ ಗೊತ್ತಿರಲಿ.

ಬಿಚ್ಚಿ ಜೋಡಿಸುವ ಕೋವಿ

ಜರ್ಮನಿಯಲ್ಲಿ ಬೇಟೆಯ ಲೈಸೆನ್ಸ್ ಸುಲಭಕ್ಕೆ ಸಿಗುವುದಿಲ್ಲ. ಬರವಣಿಗೆಯ ಪರೀಕ್ಷೆ, ಬಾಯಿಮಾತಿನ ಪರೀಕ್ಷೆ, ಗುರಿಯಿಟ್ಟು ಹೊಡೆಯುವ ಪರೀಕ್ಷೆ, ಮೂರನ್ನೂ ಪಾಸಾಗಬೇಕು. ಕಾಡುಹಂದಿ ಅಲ್ಲಿ ಜೋಳದ ಹೊಲಕ್ಕೆ ದೊಡ್ಡ ಉಪದ್ರ. ಬೆಳೆ ಹಾಳಾದರೆ ರೈತನಿಗೆ ಪರಿಹಾರ ಕೊಡಬೇಕೆಂದು ಕಾನೂನೇ ಇದೆ, ಆ ಹೊರೆ ಹೆಚ್ಚಾಗಿ ಬೀಳುವುದು ಬೇಟೆಯ ಹಕ್ಕನ್ನು ಗುತ್ತಿಗೆಗೆ ಪಡೆದವನ ಮೇಲೆ. 2020ರ ಸೆಪ್ಟೆಂಬರಿನಲ್ಲಿ ಆಫ್ರಿಕನ್ ಹಂದಿಜ್ವರ ಜರ್ಮನಿಗೆ ಕಾಲಿಟ್ಟ ಮೇಲಂತೂ ಹಂದಿಗಳ ಸಂಖ್ಯೆ ತಗ್ಗಿಸುವ ಒತ್ತಡ ಇನ್ನೂ ಹೆಚ್ಚಾಯಿತು. ನಮ್ಮ ಹುಡುಗನಿಗೆ ಹಂದಿಯ ಮಾಂಸ ಬೇಡ. ಅವನು ಹೋಗುವುದು ಹೊಲ ಕಾಯುವವರ ಜೊತೆಗೆ.

ಅವನ ಕೋವಿ ಬ್ಲಾಸರ್ ಆರ್8. ದಕ್ಷಿಣ ಜರ್ಮನಿಯ ಇಸ್ನಿ ಎಂಬ ಸಣ್ಣ ಪಟ್ಟಣದಲ್ಲಿ ತಯಾರಾಗುವ ರೈಫಲ್. ಇದೇ ಕಂಪೆನಿ 1993ರಲ್ಲಿ ಆರ್93 ಎಂಬುದನ್ನು ತಂದಿತ್ತು, 2008ರಲ್ಲಿ ಅದರ ಜಾಗಕ್ಕೆ ಆರ್8 ಬಂತು. ಮುಂಭಾಗದ ಮರದ ಕೆಳಗೆ ಎರಡು ಸ್ಕ್ರೂಗಳಿವೆ. ಒಂದು ಕೀಲಿ ಹಾಕಿ ಅವನ್ನು ತಿರುಗಿಸಿದರೆ ನಳಿಗೆ ಎದ್ದು ಬರುತ್ತದೆ. ಬೇರೆ ನಳಿಗೆ ಇಟ್ಟು ಮತ್ತೆ ಬಿಗಿ ಮಾಡಿದರೆ ಆಯಿತು.

ಇದರ ಗುಟ್ಟು ಇರುವುದು ಎರಡು ಕಡೆ. ಸಾಮಾನ್ಯ ರೈಫಲಿನಲ್ಲಿ ಬೋಲ್ಟ್ ಬೀಗ ಬೀಳುವುದು ನಳಿಗೆಯ ಹಿಂದಿನ ಉಕ್ಕಿನ ಕವಚಕ್ಕೆ. ಇಲ್ಲಿ ಅದು ನೇರವಾಗಿ ನಳಿಗೆಯ ಹಿಂಬದಿಗೇ ಕಚ್ಚಿಕೊಳ್ಳುತ್ತದೆ. ಗುಂಡು ಹಾರುವಾಗಿನ ಒತ್ತಡವನ್ನು ತಡೆಯುವುದು ಬೋಲ್ಟ್ ಮತ್ತು ನಳಿಗೆ ಎರಡೇ. ಇನ್ನೊಂದು, ದುರ್ಬೀನು ಕೂರುವುದೂ ನಳಿಗೆಯ ಮೇಲೆಯೇ. ಹಾಗಾಗಿ ನಳಿಗೆಯನ್ನು ದುರ್ಬೀನಿನ ಸಮೇತ ತೆಗೆದು ಮತ್ತೆ ಕೂರಿಸಿದರೆ ಗುರಿ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಬರುತ್ತದೆ.

ಮೊದಲನೆಯ ತಪ್ಪು: ಶಕ್ತಿಯ ಆಸೆ

ಕೋವಿ ಕೊಳ್ಳುವಾಗ ನಮ್ಮ ಹುಡುಗ ಸೆಕೆಂಡ್ ಹ್ಯಾಂಡಿನಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ ನಳಿಗೆಯದ್ದು ತೆಗೆದುಕೊಂಡಿದ್ದ. ಬೆಲೆ ಕಡಿಮೆ, ಶಕ್ತಿ ಹೆಚ್ಚು. ಇದಕ್ಕಿಂತ ಬೇರೇನು ಬೇಕು ಅಂತ ಅಂದುಕೊಂಡ. 1963ರಲ್ಲಿ ಅಮೆರಿಕದಲ್ಲಿ ಬಂದ ಈ ತೋಟೆ ಬಯಲಿನಲ್ಲಿ, ದೂರದಲ್ಲಿರುವ ದೊಡ್ಡ ಪ್ರಾಣಿಗೆ ಒಳ್ಳೆಯದೇ. ಆದರೆ ಅವನು ಹೋಗುವುದು ದಟ್ಟ ಕಾಡಿಗೆ. ಅಲ್ಲಿ ಹೊಡೆತವೆಲ್ಲ ನೂರು ಮೀಟರಿನ ಒಳಗೆ. ಸಿಗುವುದು ಕಾಡುಹಂದಿ, ಮತ್ತು ರೋ ಎಂಬ ಸಣ್ಣ ಜಿಂಕೆ. ಆ ಜಿಂಕೆಯ ತೂಕ ಇಪ್ಪತ್ತರಿಂದ ಮೂವತ್ತು ಕಿಲೋ ಅಷ್ಟೆ, ನಮ್ಮ ಒಂದು ಒಳ್ಳೆಯ ಆಡಿನಷ್ಟು. ಹತ್ತಿರದಿಂದ ಮ್ಯಾಗ್ನಮ್ ಗುಂಡು ಬಿದ್ದರೆ ಅದರ ಮಾಂಸದ ದೊಡ್ಡ ಪಾಲು ರಕ್ತ ಕಟ್ಟಿ ಹಾಳಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಒದೆತ. ಅಷ್ಟೇ ತೂಕದ ಕೋವಿಯಲ್ಲಿ ಮ್ಯಾಗ್ನಮ್‌ನ ಒದೆತ .308ಕ್ಕಿಂತ ಸುಮಾರು ಒಂದೂವರೆ ಪಟ್ಟು. ಭುಜಕ್ಕೆ ನಾಲ್ಕು ಸಲ ಪೆಟ್ಟು ಬಿದ್ದ ಮೇಲೆ ಐದನೆಯ ಸಲ ಮನಸ್ಸು ಮೊದಲೇ ಹೆದರುತ್ತದೆ. ಟ್ರಿಗರ್ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಕೈ ಅಲುಗುತ್ತದೆ. ಆ ಹಂದಿಗೆ ಗುಂಡು ತಪ್ಪು ಜಾಗಕ್ಕೆ ತಾಗಿದ್ದು ಹೀಗೆ. ಹೆಚ್ಚು ಶಕ್ತಿಯ ಗುಂಡು ತಪ್ಪಿ ಬೀಳುವುದಕ್ಕಿಂತ ಸಾಕಷ್ಟು ಶಕ್ತಿಯ ಗುಂಡು ಸರಿಯಾದ ಜಾಗಕ್ಕೆ ಬೀಳುವುದು ಮೇಲು.

ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ಅಲ್ಲಿನ ಕಾನೂನೇ ಬರೆದಿಟ್ಟಿದೆ. ಜರ್ಮನಿಯ ಬೇಟೆ ಕಾಯ್ದೆಯ 19ನೇ ಕಲಮಿನ ಪ್ರಕಾರ ರೋ ಜಿಂಕೆಗೆ ಹೊಡೆಯುವ ಗುಂಡಿಗೆ 100 ಮೀಟರಿನಲ್ಲಿ ಕನಿಷ್ಠ 1000 ಜೂಲ್ ಶಕ್ತಿ ಇರಬೇಕು. ಅದಕ್ಕಿಂತ ದೊಡ್ಡ ಗೊರಸಿನ ಪ್ರಾಣಿಗಳಿಗೆ ಗುಂಡಿನ ಅಳತೆ 6.5 ಮಿ.ಮೀ.ಗಿಂತ ಕಡಿಮೆ ಇರಬಾರದು, ಶಕ್ತಿ 2000 ಜೂಲ್‌ಗಿಂತ ಕಡಿಮೆ ಇರಬಾರದು. ಪ್ರಾಣಿಯನ್ನು ಸತಾಯಿಸಿ ಕೊಲ್ಲಬಾರದು ಎಂಬುದೇ ಇದರ ಉದ್ದೇಶ.

ಎದುರಿಗಿದ್ದ ಆಯ್ಕೆಗಳು

ಅವನು ಒಂದು ಕಾಗದದಲ್ಲಿ ಪಟ್ಟಿ ಮಾಡಿದ್ದ, ನನಗೂ ತೋರಿಸಿದ.

.223 ರೆಮಿಂಗ್ಟನ್: ಒದೆತ ಇಲ್ಲವೆಂದೇ ಹೇಳಬೇಕು, ತೋಟೆಯೂ ಅಗ್ಗ. ನರಿಗೆ, ರೋ ಜಿಂಕೆಗೆ ಸಾಕು. ಆದರೆ ಗುಂಡಿನ ಅಳತೆ 5.7 ಮಿ.ಮೀ. ಆದ್ದರಿಂದ ಹಂದಿಗೆ ಕಾನೂನೇ ಬಿಡುವುದಿಲ್ಲ.

6.5 ಕ್ರೀಡ್‌ಮೂರ್: 2007ರಲ್ಲಿ ಬಂದದ್ದು. ಒದೆತ ಕಡಿಮೆ, ದೂರದ ಗುರಿಗೆ ಚೆನ್ನಾಗಿ ಹೋಗುತ್ತದೆ. ಕಾನೂನಿಗೂ ಸರಿ. ಆದರೆ ಪೊದೆಗಳ ನಡುವೆ ಓಡುವ ದೊಡ್ಡ ಹಂದಿಗೆ ಇನ್ನೂ ಸ್ವಲ್ಪ ಭಾರದ ಗುಂಡೇ ಬೇಕು ಎನ್ನುವವರು ಅಲ್ಲಿ ಹೆಚ್ಚು.

.308 ವಿಂಚೆಸ್ಟರ್: 1952ರಿಂದ ಇದೆ. ರೋ ಜಿಂಕೆಯಿಂದ ಹಿಡಿದು ಹಂದಿಯವರೆಗೆ ಎಲ್ಲದಕ್ಕೂ ನಡೆಯುತ್ತದೆ. ಯಾವ ಅಂಗಡಿಗೆ ಹೋದರೂ ತೋಟೆ ಸಿಗುತ್ತದೆ, ನಳಿಗೆ ಸ್ವಲ್ಪ ಗಿಡ್ಡವಾದರೂ ಹೆಚ್ಚು ನಷ್ಟವಿಲ್ಲ.

.30-06: 1906ರ ಅಮೆರಿಕನ್ ಸೈನ್ಯದ ತೋಟೆ. .308ಕ್ಕಿಂತ ಒಂದು ಹೆಜ್ಜೆ ಮುಂದೆ, ಒದೆತವೂ ಅಷ್ಟೇ ಮುಂದೆ.

9.3×62: 1905ರಲ್ಲಿ ಬರ್ಲಿನ್ನಿನ ಒಟ್ಟೊ ಬಾಕ್ ಎಂಬ ಕೋವಿ ತಯಾರಕ ಮಾಡಿದ್ದು, ಆಫ್ರಿಕಾಕ್ಕೆ ಹೋಗುತ್ತಿದ್ದ ಜರ್ಮನರಿಗಾಗಿ. ಭಾರದ, ನಿಧಾನದ ಗುಂಡು. ಹಂದಿ ಬೇಟೆಗೆ ಇಂದಿಗೂ ಹೆಸರುವಾಸಿ. ಆದರೆ ಒದೆತಕ್ಕೆ ಹೆದರಿದವನಿಗೆ ಇದು ಮದ್ದಲ್ಲ.

ಪಟ್ಟಿಯ ಕೊನೆಗೆ ಅವನು ಮೂರು ಪ್ರಶ್ನೆ ಬರೆದಿದ್ದ. ನಾನು ನಿಜವಾಗಿ ಯಾವ ಪ್ರಾಣಿಗೆ, ಎಷ್ಟು ದೂರದಿಂದ ಹೊಡೆಯುತ್ತೇನೆ? ಅಭ್ಯಾಸಕ್ಕೆ ವರ್ಷಕ್ಕೆ ಇನ್ನೂರು ತೋಟೆ ಸುಡುವಷ್ಟು ನನ್ನ ಕಿಸೆಗೂ ಭುಜಕ್ಕೂ ತಾಕತ್ತು ಇದೆಯಾ? ಹತ್ತು ವರ್ಷ ಬಿಟ್ಟು ಈ ತೋಟೆ ಅಂಗಡಿಯಲ್ಲಿ ಸಿಗ್ತದಾ? ಮೂರಕ್ಕೂ ಉತ್ತರ .308 ಕಡೆಗೇ ಹೋಯಿತು.

ನಳಿಗೆಯ ಹಿಂದೆ ಬರುವ ಖರ್ಚು

"ಹಾಗಾದ್ರೆ ತಗೊಂಡು ಬಿಡು" ಎಂದೆ. ಅವನು ನಕ್ಕ. ನಳಿಗೆ ಒಂದನ್ನೇ ತೆಗೆದುಕೊಂಡರೆ ಆಗುವುದಿಲ್ಲವಂತೆ.

ಬೋಲ್ಟಿನ ಮುಂದಿನ ತುದಿ ತೋಟೆಯ ಬುಡವನ್ನು ಹಿಡಿದುಕೊಳ್ಳುವ ಭಾಗ. ಆ ಬುಡದ ಅಳತೆ ಎಲ್ಲ ತೋಟೆಗೂ ಒಂದೇ ಅಲ್ಲ. .223ಕ್ಕೆ 9.6 ಮಿ.ಮೀ. .308, .30-06, 6.5 ಕ್ರೀಡ್‌ಮೂರ್, 9.3×62 ಇವಕ್ಕೆಲ್ಲ ಸುಮಾರು 12 ಮಿ.ಮೀ. ಮ್ಯಾಗ್ನಮ್‌ಗೆ 13.5 ಮಿ.ಮೀ. ಅವನ ಹತ್ತಿರ ಇರುವುದು ಮ್ಯಾಗ್ನಮ್‌ನ ತುದಿ. .308ಕ್ಕೆ ಹೋಗಬೇಕಾದರೆ ಆ ತುದಿಯನ್ನೂ ಬದಲಿಸಬೇಕು, ತೋಟೆ ತುಂಬುವ ಮ್ಯಾಗಜಿನ್‌ನ ಒಳಭಾಗವನ್ನೂ ಬದಲಿಸಬೇಕು. ದುರ್ಬೀನು ಕೂರಿಸುವ ಕ್ಲಾಂಪ್ ಇನ್ನೊಂದು ಬೇಕು. ಒಂದೇ ದುರ್ಬೀನನ್ನು ಎರಡು ನಳಿಗೆಗೆ ಬದಲಿಸುತ್ತಾ ಹೋದರೆ ಪ್ರತಿ ಸಲವೂ ಗುರಿ ಹೊಂದಿಸಬೇಕು. ನಳಿಗೆಗೊಂದು ದುರ್ಬೀನು ಇದ್ದರೆ ಆ ತಲೆನೋವಿಲ್ಲ, ಆದರೆ ಖರ್ಚು ಇಮ್ಮಡಿ. ಮೊದಲೇ .30-06 ನಳಿಗೆ ಇದ್ದಿದ್ದರೆ ಬೋಲ್ಟಿನ ತುದಿಯ ಖರ್ಚು ಉಳಿಯುತ್ತಿತ್ತು. ಮೊದಲ ನಳಿಗೆ ಆರಿಸುವಾಗಲೇ ಎರಡನೆಯದನ್ನು ಯೋಚಿಸಬೇಕು ಎನ್ನುವುದು ಅದಕ್ಕೇ.

ಉದ್ದದ ಲೆಕ್ಕವೂ ಇದೆ. ನಳಿಗೆ ಗಿಡ್ಡವಾದಷ್ಟೂ ಗುಂಡಿನ ವೇಗ ಸ್ವಲ್ಪ ಸ್ವಲ್ಪ ತಗ್ಗುತ್ತದೆ, ಸದ್ದು ಮತ್ತು ಬೆಂಕಿ ಹೆಚ್ಚುತ್ತದೆ. ಆದರೆ ಈಗ ಅಲ್ಲಿ ಕಿವಿ ಉಳಿಸಿಕೊಳ್ಳಲು ನಳಿಗೆಯ ತುದಿಗೆ ಸದ್ದು ತಗ್ಗಿಸುವ ಕೊಳವೆ ಹಾಕುವವರು ಹೆಚ್ಚು. ಉದ್ದ ನಳಿಗೆಗೆ ಅದನ್ನೂ ಸೇರಿಸಿದರೆ ಪೊದೆಗಳ ನಡುವೆ ತಿರುಗಿಸುವುದೇ ಕಷ್ಟ. ಅವನು 52 ಸೆಂ.ಮೀ. ಸಾಕು ಎಂದು ತೀರ್ಮಾನಿಸಿದ.

ಇನ್ನು ಗುಂಡಿನ ಸೀಸ. ಜರ್ಮನಿಯ ಹಲವು ರಾಜ್ಯಗಳಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಸೀಸದ ಚೂರು ಮಾಂಸದಲ್ಲಿ ಉಳಿಯುತ್ತದೆ, ಪ್ರಾಣಿಯ ಅಳಿದುಳಿದ ಭಾಗವನ್ನು ತಿಂದ ಹದ್ದುಗಳು ಸಾಯುತ್ತವೆ. ಅದಕ್ಕೆ ಈಗ ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕ ಬೇಕಾದರೆ ಗುಂಡು ಉದ್ದವಾಗಬೇಕು. ಉದ್ದದ ಗುಂಡು ನೇರ ಹೋಗಬೇಕಾದರೆ ಹೆಚ್ಚು ವೇಗವಾಗಿ ತಿರುಗಬೇಕು. ಹಾಗೆ ತಿರುಗಿಸುವುದು ನಳಿಗೆಯ ಒಳಗಿನ ಸುರುಳಿ ಗೀರುಗಳು. ಹಳೆಯ ನಳಿಗೆಯಲ್ಲಿ ಸುರುಳಿ ಸಡಿಲವಾಗಿದ್ದರೆ ತಾಮ್ರದ ಗುಂಡು ಗುರಿಗೆ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ನಳಿಗೆ ಕೊಳ್ಳುವವರು ಇದನ್ನೂ ನೋಡಬೇಕು, ತೋಟೆ ಕೂರುವ ಜಾಗದ ಮುಂದಿನ ಗಂಟಲು ಸವೆದಿದೆಯಾ ಎಂದೂ ನೋಡಬೇಕು. ಮ್ಯಾಗ್ನಮ್ ನಳಿಗೆಯ ಗಂಟಲು .308ಕ್ಕಿಂತ ಬೇಗ ಸವೆಯುತ್ತದೆ.

ಪ್ರಾಣಕ್ಕೆ ಬರುವ ತಪ್ಪು

ಎರಡು ನಳಿಗೆ ಇದ್ದಲ್ಲಿ ಎರಡು ಬಗೆಯ ತೋಟೆಯೂ ಇರುತ್ತದೆ. ಬೆಳಗಿನ ಜಾವದ ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಕೈಯಲ್ಲಿ ಕಿಸೆಗೆ ಕೈ ಹಾಕಿದಾಗ ಬೇರೆ ತೋಟೆ ಬಂದರೆ? ಬೋಲ್ಟಿನ ತುದಿ ಹಿಡಿಯಿತು, ಬಾಗಿಲು ಮುಚ್ಚಿತು ಎಂದ ಮಾತ್ರಕ್ಕೆ ತೋಟೆ ಸರಿಯಾದದ್ದು ಎಂದರ್ಥವಲ್ಲ. ಇದಕ್ಕೆ ಕುಖ್ಯಾತ ಉದಾಹರಣೆ .300 ಬ್ಲ್ಯಾಕ್‌ಔಟ್. ಅದರ ಬುಡ .223ರ ಬುಡದಷ್ಟೇ, ಆದರೆ ಗುಂಡು ದಪ್ಪ. ಅದು .223 ನಳಿಗೆಯೊಳಗೆ ಹೋಗಿ ಕೂರಬಹುದು. ಟ್ರಿಗರ್ ಎಳೆದರೆ 7.8 ಮಿ.ಮೀ. ಗುಂಡಿಗೆ 5.7 ಮಿ.ಮೀ. ದಾರಿ! ಅಮೆರಿಕದಲ್ಲಿ ಹೀಗೆ ಕೋವಿಗಳು ಕೈಯಲ್ಲೇ ಒಡೆದಿವೆ. ಜರ್ಮನಿಯ ಹಳೆಯ 8×57ರಲ್ಲೂ ಇಂಥದ್ದೇ ಅಪಾಯ ಇದೆ. ಒಂದೇ ಹೆಸರಿನಲ್ಲಿ ಎರಡು ಅಳತೆ, 8.07 ಮತ್ತು 8.20 ಮಿ.ಮೀ. ದೊಡ್ಡದನ್ನು ಸಣ್ಣ ನಳಿಗೆಗೆ ಹಾಕಬಾರದು.

ನಮ್ಮ ಹುಡುಗನ ಉಪಾಯ ಸರಳ. ಕಪಾಟಿನಿಂದ ಹೊರಡುವಾಗಲೇ ನಳಿಗೆ ತೀರ್ಮಾನ. ಚೀಲದಲ್ಲಿ, ಕಿಸೆಯಲ್ಲಿ ಆ ದಿನ ಒಂದೇ ಬಗೆಯ ತೋಟೆ. ನಳಿಗೆ ಬದಲಿಸಿದ ಮೇಲೆ ಅದರ ಮೇಲೆ ಕೊರೆದ ಅಳತೆಯನ್ನೂ ತೋಟೆಯ ಬುಡದ ಬರಹವನ್ನೂ ಬಾಯಿಬಿಟ್ಟು ಓದುವುದು. ಗುರಿ ಹಿಂದಿನಂತೆಯೇ ಇದೆ ಎಂದು ನಂಬದೆ ರೇಂಜಿನಲ್ಲಿ ಎರಡು ಮೂರು ಗುಂಡು ಹೊಡೆದು ನೋಡಿದ ಮೇಲೆಯೇ ಕಾಡಿಗೆ ಹೋಗುವುದು.

ನಳಿಗೆಯೂ ಆಯುಧವೇ

ಯುರೋಪಿನ ಕಾನೂನಿನಲ್ಲಿ ನಳಿಗೆ ಬಿಡಿಭಾಗವಲ್ಲ, ಆಯುಧದ ಮುಖ್ಯ ಅಂಗ. ಅದಕ್ಕೆ ಗುರುತಿನ ಸಂಖ್ಯೆ ಇರಬೇಕು, ದಾಖಲೆ ಇರಬೇಕು. ಮಾರುವ ಮೊದಲು ಉಲ್ಮ್‌ನಂಥ ಊರುಗಳಲ್ಲಿರುವ ಸರಕಾರಿ ಪರೀಕ್ಷಾ ಕೇಂದ್ರದಲ್ಲಿ ಸಾಮಾನ್ಯಕ್ಕಿಂತ ಶೇ. 25ರಷ್ಟು ಹೆಚ್ಚು ಒತ್ತಡದ ತೋಟೆ ಹೊಡೆದು ನೋಡುತ್ತಾರೆ, ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ಮುದ್ರೆ ಇಲ್ಲದ ನಳಿಗೆ ಎಷ್ಟೇ ಅಗ್ಗವಾಗಲಿ, ಮುಟ್ಟಬಾರದು.

ನಮ್ಮ ದೇಶದಲ್ಲಿ ಲೆಕ್ಕವೇ ಬೇರೆ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಎಂಬುದು ಹವ್ಯಾಸವಾಗಿ ಉಳಿದಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. 2019ರ ತಿದ್ದುಪಡಿಯ ನಂತರ ಸಾಮಾನ್ಯರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಮನೆಯವರು ಇದೊಂದು ಮಾತು ಹೇಳಿಡಬೇಕು. ಬೇಟೆಗೆ ಒಯ್ದ ಚೀಲವನ್ನೇ ತೊಳೆದು ಊರಿಗೆ ಬರುವಾಗ ಬಟ್ಟೆ ತುಂಬಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆ ಸಾಕು, ವಿಮಾನ ನಿಲ್ದಾಣದಿಂದ ಮನೆಗೆ ಬರುವ ಬದಲು ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ.

ಹೊರಡುವ ದಿನ ಅವನು ಹೇಳಿದ, "ಮ್ಯಾಗ್ನಮ್ ನಳಿಗೆ ಮಾರ್ತೇನೆ ಉಸ್ತಾದರೇ. ಎರಡು ಬೇಡ, ಕೆಲಸಕ್ಕೆ ಬರುವ ಒಂದು ಸಾಕು." ಮೊನ್ನೆ ಫೋನ್ ಮಾಡಿದ್ದ. ಹೊಸ ನಳಿಗೆ ಬಂದಿದೆಯಂತೆ, ಕಾಡಿಗೆ ಇನ್ನೂ ಹೋಗಿಲ್ಲ. ವಾರಕ್ಕೊಮ್ಮೆ ರೇಂಜಿಗೆ ಹೋಗಿ ಇಪ್ಪತ್ತು ಗುಂಡು ಹೊಡೆದು ಬರುತ್ತಿದ್ದಾನೆ. ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವುದು ಪೂರ್ತಿ ನಿಂತ ಮೇಲೆಯೇ ಹೋಗ್ತೇನೆ ಎಂದ.